ಬೀದಿಯ ಗೋಡೆ, ಗ್ಯಾಲರಿಯ ಗೋಡೆ



ಕಳೆದ ಸಂಚಿಕೆಯಲ್ಲಿ ಈ ಪುಟದಲ್ಲಿ ಲೋಕಲ್ ಗಾಡಿಯ ಭಜನಾ ಮಂಡಳಿಗಳ ವಿಷಯ ಬರೆದಿದ್ದೆ. ಈ ಸಲ ದೀಪಾವಳಿಯ ತಿಂಡಿತಿನಿಸುಗಳ ಕುರಿತು ಏನಾದರೂ ಹಗುರವಾಗಿ ಬರೆಯೋಣವೆಂದುಕೊಂಡಿದ್ದೆ. ಕಾಗದವನ್ನು ಮುಂದಿಟ್ಟುಕೊಂಡು ಕುಳಿತೂ ಆಗಿತ್ತು. ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು. ಬಂದವಳು ಮೇಲಿನ ಮಾಳಿಗೆಯ ನನ್ನ ತಂಗಿ. ಒಡಹುಟ್ಟಿದವಳಲ್ಲ, ಊರಿನ ಕಡೆಯಿಂದ ದೂರದ ನಂಟು. ಆದರೆ ಡೊಂಬಿವಲಿಯ ಒಂದೇ ಕಟ್ಟಡದಲ್ಲಿ ಇಪ್ಪತ್ತೆರಡು ವರ್ಷ ಒಟ್ಟಿಗೆ ನೀರಿಗೆ ಕಾದವರ ನಡುವೆ ದೂರದ ನಂಟೂ ಹತ್ತಿರದ್ದಾಗುತ್ತದೆ.

“ಅಣ್ಣಾ, ಅವನಿಗೆ ನೀವಾದರೂ ನಾಲ್ಕು ಮಾತು ಹೇಳಿ. ನಾನು ಹೇಳಿದರೆ ಕೇಳುವ ಕಾಲ ಹೋಯಿತು” ಎಂದು ಕುರ್ಚಿಯ ಅಂಚಿನಲ್ಲಿ ಕುಳಿತಳು.

‘ಅವನು’ ಎಂದರೆ ಅವಳ ಒಬ್ಬನೇ ಮಗ. ಜೆ. ಜೆ. ಕಲಾಶಾಲೆಯಲ್ಲಿ ನಾಲ್ಕು ವರ್ಷ ಚಿತ್ರಕಲೆ ಕಲಿತು, ಪದವಿ ಪಡೆದು ಹೊರಬಂದು ಎರಡು ವರ್ಷವಾಯಿತು. ಹುಡುಗ ಒಳ್ಳೆಯವನು. ಬಣ್ಣವನ್ನು ಬಿಟ್ಟರೆ ಬೇರೆ ಧ್ಯಾನವಿಲ್ಲ. ಚಹವನ್ನು ಬಿಟ್ಟರೆ ಬೇರೆ ಚಟವಿಲ್ಲ.

“ಕಲಿಯುವಾಗ ಮನೆಯೊಳಗೆ ಕುಳಿತು ಬಿಡಿಸುತ್ತಿದ್ದ. ನೋಡಲಿಕ್ಕೂ ಚಂದ ಇತ್ತು. ಈಗ ಬೀದಿಯಲ್ಲಿ ಏಣಿ ಹತ್ತಿ ಗೋಡೆಗೆ ಬಣ್ಣ ಬಳಿಯುತ್ತಾನೆ. ಮೊನ್ನೆ ನಮ್ಮ ನಾದಿನಿ ಮಾರ್ಕೆಟಿನ ಹತ್ತಿರ ನೋಡಿದಳಂತೆ. ‘ಹುಡುಗ ಪೈಂಟಿಂಗಿನ ಕಂಟ್ರಾಕ್ಟು ಹಿಡಿದಿದ್ದಾನಾ’ ಅಂತ ಫೋನು ಮಾಡಿ ಕೇಳಿದಳು. ಎಂತ ಹೇಳುವುದು ನಾನು? ಅದರಲ್ಲಿ ಹಣವಾದರೂ ಉಂಟಾ, ಅದೂ ಇಲ್ಲ. ಬಣ್ಣದ ಖರ್ಚು ಇವನದ್ದೇ!”

ಮಾತಿನ ಕೊನೆಗೆ ಅಸಲು ವಿಷಯ ಹೊರಬಿತ್ತು. ಕೋಟೆ ಭಾಗದ ಒಂದು ಗ್ಯಾಲರಿಯವರು ಅವನ ಚಿತ್ರಗಳನ್ನು ಕಂಡು ಮೆಚ್ಚಿದ್ದಾರೆ. ಒಂದು ವರ್ಷ ತಿಂಗಳು ತಿಂಗಳು ಮುಂಗಡ ಕೊಡುತ್ತಾರೆ. ವರ್ಷದ ಕೊನೆಗೆ ಪ್ರದರ್ಶನ ಮಾಡಿಸುತ್ತಾರೆ. ಇಷ್ಟು ಕೇಳಿದರೆ ದೇವರೇ ಬಾಗಿಲಿಗೆ ಬಂದ ಹಾಗಿದೆ. ಆದರೆ ಅವರದೊಂದು ಕರಾರು: ಆ ವರ್ಷವೆಲ್ಲ ಅವನು ಬೀದಿಯ ಗೋಡೆಯನ್ನು ಮುಟ್ಟಕೂಡದು. ಹುಡುಗ ‘ಆಗಲಿ’ ಎನ್ನುವುದನ್ನು ಬಿಟ್ಟು ‘ಆಲೋಚಿಸುತ್ತೇನೆ’ ಎಂದು ಬಂದಿದ್ದಾನೆ. ದಸರೆಯೊಳಗೆ ಉತ್ತರ ಕೊಡಬೇಕು.

“ಅವರ ಅಪ್ಪ ಮೂರು ದಿನದಿಂದ ಮಾತು ಬಿಟ್ಟಿದ್ದಾರೆ. ಬಾಯಿ ತೆರೆದರೆ ಹೆಬ್ಬಾರರ ಹೆಸರು” ಎಂದು ತಂಗಿ ಎದ್ದಳು.

ನಮ್ಮ ಭಾವನವರಿಗೆ ಹೆಬ್ಬಾರರೆಂದರೆ ಪಂಚಪ್ರಾಣ. ೧೯೧೧ರಲ್ಲಿ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ, ಈ ಊರಿಗೆ ಬಂದು ಜೆ. ಜೆ.ಯಲ್ಲಿ ಕಲಿತು, ಅಲ್ಲೇ ಕಲಿಸಿ, ಪ್ಯಾರಿಸಿಗೂ ಹೋಗಿ ಬಂದು, ೧೯೯೬ರಲ್ಲಿ ತೀರಿಕೊಳ್ಳುವವರೆಗೂ ಮುಂಬಯಿಯವರಾಗಿಯೇ ಬಾಳಿದ ಕೆ. ಕೆ. ಹೆಬ್ಬಾರರು ನಮ್ಮ ಎಷ್ಟೋ ಮನೆಗಳಿಗೆ ಒಂದು ಧೈರ್ಯ. ಕುಂಚ ಹಿಡಿದವನೂ ಮರ್ಯಾದೆಯಿಂದ ಬಾಳಬಹುದು ಎಂಬುದಕ್ಕೆ ಅವರೇ ಸಾಕ್ಷಿ. ಮಗ ಜೆ. ಜೆ. ಸೇರುತ್ತೇನೆಂದಾಗ ಭಾವ ಒಪ್ಪಿದ್ದು ಆ ಹೆಸರಿನ ಬಲದ ಮೇಲೆಯೇ. “ಹೆಬ್ಬಾರರು ಏಣಿ ಹತ್ತಿದ್ದರೇ?” ಎಂಬುದು ಅವರ ಪ್ರಶ್ನೆ.

ಸಾಯಂಕಾಲ ಹುಡುಗನೇ ನನ್ನನ್ನು ಹುಡುಕಿಕೊಂಡು ಬಂದ.

“ಮಾವ, ಅಮ್ಮ ಬಂದಿದ್ದರಲ್ಲ? ಮೊದಲು ಗೋಡೆ ನೋಡಿ, ಆಮೇಲೆ ಬೈಯಿರಿ.”

ನ್ಯಾಯವಾದ ಮಾತು. ಹೊರಟೆವು.

ಆ ಗೋಡೆ ಮೀನು ಮಾರುಕಟ್ಟೆಯ ಪಕ್ಕದ್ದು. ಅದರ ಮುಂದೆ ನಾನು ವರ್ಷಗಟ್ಟಲೆ ಮೂಗು ಮುಚ್ಚಿಕೊಂಡು ನಡೆದಿದ್ದೇನೆ. ಈಗ ಅಲ್ಲಿ ಎರಡಾಳೆತ್ತರದ ಒಬ್ಬ ಮೀನುಗಾರ್ತಿ ನಿಂತಿದ್ದಾಳೆ. ಕೋಳಿ ಹೆಂಗಸರ ಕಚ್ಚೆಸೀರೆ, ಮುಂಗೈ ತುಂಬ ಹಸಿರು ಬಳೆ, ತಲೆಯ ಮೇಲೆ ಬುಟ್ಟಿ. ಬುಟ್ಟಿಯಿಂದ ಮೀನಿಗೆ ಬದಲು ಒಂದು ಸಮುದ್ರವೇ ಉಕ್ಕಿ ಗೋಡೆಯ ಉದ್ದಕ್ಕೂ ಹರಿದಿದೆ. ಆ ಚಿತ್ರದ ಕೆಳಗೇ, ಅದೇ ಮುಖದ, ಅಷ್ಟೇ ಹಸಿರು ಬಳೆಯ ಅಜ್ಜಿಯೊಬ್ಬಳು ಪಾಪ್ಲೆಟು ಜೋಡಿಸಿಕೊಂಡು ಕುಳಿತಿದ್ದಳು. ಆ ಮಾರುಕಟ್ಟೆಯಲ್ಲಿ ಎಲ್ಲರಿಗಿಂತ ಹಳಬಳು ಅವಳೇ ಅಂತೆ. ನಮ್ಮ ಹುಡುಗನನ್ನು ಕಂಡು, “ಮೇಲಿನವಳು ನನಗಿಂತ ಚೆಂದ, ಆದರೆ ಅವಳಿಗೆ ವ್ಯಾಪಾರ ಬರುವುದಿಲ್ಲ” ಎಂದು ಮರಾಠಿಯಲ್ಲಿ ಹೇಳಿ ನಕ್ಕಳು.

ಗೋಡೆಯ ಚಿತ್ರವೆಂದರೆ ಬಣ್ಣ ಎರಚುವುದೆಂದು ನಾನು ತಿಳಿದಿದ್ದೆ. ಅದು ತಪ್ಪೆಂದು ಆ ಹುಡುಗನಿಂದ ತಿಳಿಯಿತು. ಮೊದಲು ಗೋಡೆ ಯಾರದೆಂದು ವಿಚಾರಿಸಿ ಒಪ್ಪಿಗೆಯ ಕಾಗದ ಪಡೆಯಬೇಕು. ಆಮೇಲೆ ಹಳೆಯ ಸುಣ್ಣ ಕೆರೆದು, ಬಿರುಕಿಗೆ ಪುಟ್ಟಿ ತುಂಬಿ, ಪ್ರೈಮರ್ ಹೊಡೆದು ಒಣಗಿಸಬೇಕು. ಕೈಯಗಲದ ಕಾಗದದಲ್ಲಿ ಚಿತ್ರ ಬರೆದು ಅದರ ಮೇಲೆ ಚೌಕಗಳನ್ನು ಎಳೆದುಕೊಂಡು, ಅಷ್ಟೇ ಚೌಕಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಎಳೆದು, ಒಂದೊಂದು ಚೌಕವನ್ನಾಗಿ ಮೇಲಕ್ಕೇರಿಸಬೇಕು. ಮನೆಯ ಹೊರಗೋಡೆಗೆ ಹಚ್ಚುವ ಬಣ್ಣವೇ ಇದಕ್ಕೂ. ಹತ್ತಿರ ನಿಂತು ಬಳಿಯುವಾಗ ಕಾಣುವುದು ಬರಿಯ ಬಣ್ಣದ ಪಟ್ಟೆ. ಮೂಗು ಎಲ್ಲಿ, ಕಣ್ಣು ಎಲ್ಲಿ ಎಂದು ತಿಳಿಯಬೇಕಾದರೆ ಹತ್ತು ಸಲ ಏಣಿಯಿಂದಿಳಿದು ರಸ್ತೆಯ ಆಚೆಗೆ ಹೋಗಿ ನೋಡಬೇಕು.

“ಗ್ಯಾಲರಿಗೆ ಬಂದವರು ನೋಡಲಿಕ್ಕೆಂದೇ ಬಂದವರು ಮಾವ. ನಿಲ್ಲುತ್ತಾರೆ, ಹತ್ತಿರ ಬಂದು ನೋಡುತ್ತಾರೆ. ಇಲ್ಲಿ ಹಾಗಲ್ಲ. ರಿಕ್ಷಾದವನು ಗೋಡೆ ದಾಟುವಷ್ಟು ಹೊತ್ತು ಮಾತ್ರ ನನ್ನ ಚಿತ್ರ ನೋಡುತ್ತಾನೆ. ಅಷ್ಟರಲ್ಲಿ ಹೇಳಿ ಮುಗಿಸಬೇಕು. ಇಲ್ಲಿ ಕಲಿತ ಗೆರೆ ಕ್ಯಾನ್ವಾಸಿನಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಕಲಿತ ಬಣ್ಣ ಇಲ್ಲಿ ಬರುತ್ತದೆ. ಒಂದನ್ನು ಬಿಡು ಎಂದರೆ ಹೇಗೆ?”

ಇವನಿಗೆ ಈ ಹುಚ್ಚು ಹತ್ತಿದ್ದು ಎಲ್ಲಿಂದ ಎಂದು ಕೇಳಿದೆ. ೨೦೧೭ರ ಕೊನೆಯಲ್ಲಿ ಕೊಲಾಬಾದ ಸಸೂನ್ ಡಾಕಿನಲ್ಲಿ ಚಿತ್ರಕಾರರೆಲ್ಲ ಸೇರಿ ಪ್ರದರ್ಶನ ನಡೆಸಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ೧೮೭೫ರಲ್ಲಿ ಕಟ್ಟಿದ ಹಳೆಯ ಬಂದರು. ಮೀನು ಇಳಿಸುವ ಗದ್ದಲದ ನಡುವೆಯೇ ಗೋಡೆಗಳ ಮೇಲೂ ಗೋದಾಮುಗಳ ಒಳಗೂ ಚಿತ್ರಗಳು. ಆಗ ಶಾಲೆಯಲ್ಲಿದ್ದ ಇವನನ್ನು ಕರೆದುಕೊಂಡು ಹೋದವರು ಯಾರು ಬಲ್ಲಿರಾ? ನಮ್ಮ ಭಾವನೇ! ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಅದಕ್ಕೆ ಮೊದಲೇ, ೨೦೧೪ರಲ್ಲಿ, ದೆಹಲಿಯ ಹಳೆಯ ಪೋಲೀಸು ಮುಖ್ಯ ಕಛೇರಿಯ ಗೋಡೆಯ ಮೇಲೆ ಗಾಂಧೀಜಿಯ ದೊಡ್ಡ ಚಿತ್ರ ಮೂಡಿತ್ತು. ೨೦೧೫ರಿಂದೀಚೆಗೆ ಅಲ್ಲಿನ ಲೋಧಿ ಕಾಲನಿಯಲ್ಲಿ, ಬ್ರಿಟಿಷರ ಕೊನೆಗಾಲದಲ್ಲಿ ಸರ್ಕಾರಿ ನೌಕರರಿಗಾಗಿ ಕಟ್ಟಿದ ಮನೆಗಳ ಎತ್ತರದ ಗೋಡೆಗಳ ಮೇಲೆ, ಐವತ್ತಕ್ಕೂ ಹೆಚ್ಚು ಚಿತ್ರಗಳು ಬಂದಿವೆ. ದೆಹಲಿಯ ನಮ್ಮ ವಾಚಕರು ಅವನ್ನು ಕಂಡೇ ಇರುತ್ತಾರೆ.

ಮನೆಗೆ ಮರಳುವಾಗ ನಾನು ನನ್ನ ಪಾಲಿನ ಬುದ್ಧಿವಾದಕ್ಕೆ ತೊಡಗಿದೆ.

“ಹುಸೇನರ ಕಥೆ ಗೊತ್ತಲ್ಲ? ಪಂಢರಪುರದಲ್ಲಿ ಹುಟ್ಟಿದ ಎಂ. ಎಫ್. ಹುಸೇನರು ೧೯೩೦ರ ದಶಕದಲ್ಲಿ ಈ ಊರಿಗೆ ಬಂದು ಸಿನಿಮಾ ಫಲಕ ಬರೆದರು. ಚದರ ಅಡಿಗೆ ನಾಲ್ಕೋ ಆರೋ ಆಣೆ ಕೂಲಿಯಂತೆ. ಮುಂದೆ ಆಟಿಕೆ, ಮರದ ಸಾಮಾನುಗಳ ವಿನ್ಯಾಸವನ್ನೂ ಮಾಡಿದರು. ೧೯೪೭ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಪ್ರದರ್ಶನದಲ್ಲಿ ಅವರ ಚಿತ್ರ ಕಣ್ಣಿಗೆ ಬಿತ್ತು. ಅದೇ ವರ್ಷ ಸೂಜಾ ಅವರು ತಮ್ಮ ಪ್ರಗತಿಶೀಲ ಕಲಾವಿದರ ಕೂಟಕ್ಕೆ ಕರೆದುಕೊಂಡರು. ಬೀದಿ ಹುಸೇನರಿಗೆ ಏಣಿಯ ಮೊದಲ ಮೆಟ್ಟಿಲಾಯಿತು. ನಿನಗೂ ಹಾಗೇ ಆಗಲಿ. ಮೆಟ್ಟಿಲು ಹತ್ತಿದವನು ಮತ್ತೆ ಕೆಳಗಿನ ಮೆಟ್ಟಿಲಿಗೆ ಬರಬೇಕೇ?”

ಹುಡುಗ ತಲೆ ಕೆರೆದುಕೊಂಡ. “ಮಾವ, ಹುಸೇನರು ಫಲಕ ಬರೆದದ್ದು ಹೊಟ್ಟೆಪಾಡಿಗೆ. ಬರೆದದ್ದು ಸಿನಿಮಾದವರು ಹೇಳಿದ ಮುಖ. ನಾನು ಗೋಡೆಗೆ ಬರೆಯುವುದು ನನ್ನದೇ ಚಿತ್ರ. ನನಗೆ ಅದು ಕೆಳಗಿನ ಮೆಟ್ಟಿಲಲ್ಲ” ಎಂದು ಹೇಳಿ, ನನಗೆ ತಿಳಿಯದ ಇನ್ನೊಬ್ಬನ ಕಥೆ ಹೇಳಿದ. ಕೇಳಲು ಚೆನ್ನಾಗಿತ್ತು, ನೀವೂ ಕೇಳಿ.

ಅವನ ಹೆಸರು ಕೀತ್ ಹ್ಯಾರಿಂಗ್. ಅಮೆರಿಕದ ಪೆನ್ಸಿಲ್ವೇನಿಯದವನು. ೧೯೭೮ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಕಲಾಶಾಲೆ ಸೇರಲು ನ್ಯೂಯಾರ್ಕಿಗೆ ಬಂದ. ಅಲ್ಲಿನ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಜಾಹೀರಾತಿನ ಚೌಕಟ್ಟುಗಳಿವೆ. ಬಾಡಿಗೆಯ ಅವಧಿ ಮುಗಿದ ಜಾಹೀರಾತಿನ ಮೇಲೆ ಆಗ ಕರಿಯ ಕಾಗದ ಅಂಟಿಸಿಡುವುದು ವಾಡಿಕೆಯಾಗಿತ್ತು. ೧೯೮೦ರಲ್ಲಿ ಒಂದು ದಿನ ಅಂಥದೊಂದು ಕರಿಯ ಕಾಗದವನ್ನು ಕಂಡವನೇ ಮೇಲಕ್ಕೆ ಓಡಿ, ಅಂಗಡಿಯಿಂದ ಬಿಳಿ ಸೀಮೆಸುಣ್ಣ ಕೊಂಡು ತಂದು, ಅದರ ಮೇಲೆ ಚಿತ್ರ ಬರೆದ. ತೆವಳುವ ಮಗು, ಬೊಗಳುವ ನಾಯಿ, ಕುಣಿಯುವ ಮನುಷ್ಯರು; ನಮ್ಮ ಮಕ್ಕಳೂ ಅರ್ಥ ಮಾಡಿಕೊಳ್ಳುವಂಥ ಗೆರೆ. ಕೆಲವು ದಿನ ನಲವತ್ತರವರೆಗೂ ಬರೆದದ್ದುಂಟಂತೆ. ಕೆಲಸಕ್ಕೆ ಹೋಗುವ ಜನ ಸುತ್ತ ನಿಂತು ನೋಡುತ್ತಿದ್ದರು. ಪೋಲೀಸರು ಹಿಡಿದು ದಂಡವನ್ನೂ ಹಾಕಿದರು.

೧೯೮೨ರಲ್ಲಿ ಅದೇ ಊರಿನ ಟೋನಿ ಶಫ್ರಾಜಿ ಗ್ಯಾಲರಿಯಲ್ಲಿ ಅವನ ಪ್ರದರ್ಶನವಾಯಿತು. ಹೆಸರು ಬಂತು, ಬೆಲೆ ಬಂತು. ಆದರೂ ಅವನು ನಿಲ್ದಾಣಗಳನ್ನು ಬಿಡಲಿಲ್ಲ. ಒಳಗೆ ಮಾರಾಟದ ಚಿತ್ರ, ಹೊರಗೆ ಪುಕ್ಕಟೆಯ ಚಿತ್ರ. ಎರಡೂ ಒಟ್ಟಿಗೆ ನಡೆದವು. ಎಷ್ಟು ದಿನ? ಗ್ಯಾಲರಿಯಲ್ಲಿ ಬೆಲೆ ಏರುತ್ತಲೇ ಜನ ನಿಲ್ದಾಣದ ಕಾಗದಗಳನ್ನು ಕಿತ್ತುಕೊಂಡು ಹೋಗಿ ಮಾರಲು ಹೊರಟರು. ಎಲ್ಲರಿಗೂ ಎಂದು ಬರೆದದ್ದು ಒಬ್ಬರ ಮನೆಯ ಗೋಡೆ ಸೇರತೊಡಗಿತು. ೧೯೮೫ರ ಹೊತ್ತಿಗೆ ಅವನು ಸೀಮೆಸುಣ್ಣವನ್ನು ಕೆಳಗಿಟ್ಟ.

“ಹಾಗಾದರೆ ಗ್ಯಾಲರಿಯವರು ಹೇಳಿದ್ದೇ ನಿಜವಾಯಿತಲ್ಲ, ಎರಡೂ ಕೂಡದು ಎಂದು!” ಎಂದೆ ನಾನು, ಗೆದ್ದವನಂತೆ.

“ಇಲ್ಲ ಮಾವ, ಅವನು ಗೋಡೆ ಬಿಡಲಿಲ್ಲ. ಕಿತ್ತುಕೊಂಡು ಹೋಗಲಾಗದ ಗೋಡೆಗೆ ಹೋದ.”

೧೯೮೬ರಲ್ಲಿ ಹ್ಯಾರಿಂಗ್ ನ್ಯೂಯಾರ್ಕಿನ ಹಾರ್ಲೆಮ್ ಭಾಗದ ಒಂದು ಆಟದಂಗಳದ ಗೋಡೆಯ ಮೇಲೆ, ಆಗ ಆ ಊರಿನ ಹುಡುಗರನ್ನು ನುಂಗುತ್ತಿದ್ದ ಕ್ರ್ಯಾಕ್ ಎಂಬ ಮಾದಕ ವಸ್ತುವಿನ ವಿರುದ್ಧ, ಕೇಸರಿ ಬಣ್ಣದ ದೊಡ್ಡ ಚಿತ್ರ ಬರೆದ. ಅಪ್ಪಣೆಯಿಲ್ಲದೆ ಬರೆದನೆಂದು ಮೊದಲು ದಂಡ ಬಿತ್ತು. ಚಿತ್ರ ಅಳಿಸಿಯೂ ಹೋಯಿತು. ಆಮೇಲೆ ಊರಿನ ಅಧಿಕಾರಿಗಳೇ ಕರೆದು ಅಲ್ಲೇ ಮತ್ತೆ ಬರೆಸಿದರು. ಅದೇ ವರ್ಷ ಒಂದು ಅಂಗಡಿ ತೆರೆದು, ದೊಡ್ಡ ಕ್ಯಾನ್ವಾಸ್ ಕೊಳ್ಳಲಾರದವರಿಗೆಂದು ತನ್ನ ಚಿತ್ರಗಳಿರುವ ಅಂಗಿ, ಬಿಲ್ಲೆಗಳನ್ನು ಮಾರಿದ. ಏಡ್ಸ್ ರೋಗದಿಂದ ೧೯೯೦ರಲ್ಲಿ ಅವನು ತೀರಿಕೊಂಡಾಗ ಪ್ರಾಯ ಮೂವತ್ತೊಂದು. ಮಕ್ಕಳ ಸಂಸ್ಥೆಗಳಿಗೂ ಏಡ್ಸ್ ಕುರಿತ ಕೆಲಸಕ್ಕೂ ನೆರವಾಗಲೆಂದು ಹಿಂದಿನ ವರ್ಷವೇ ಒಂದು ಪ್ರತಿಷ್ಠಾನವನ್ನು ಮಾಡಿಟ್ಟಿದ್ದ.

ಈ ಕಥೆಯಲ್ಲಿ ಹುಡುಗ ಕಂಡದ್ದು ಒಂದು. ನಾನು ಕಂಡದ್ದು ಇನ್ನೊಂದು. ಗ್ಯಾಲರಿಯ ಬೆಲೆ ಬೀದಿಗೂ ಇಳಿದು ಬರುತ್ತದೆ. ಬೀದಿಯ ಹೆಸರು ಗ್ಯಾಲರಿಗೂ ಏರಿ ಹೋಗುತ್ತದೆ. ಎರಡು ದೋಣಿಗಳ ಮೇಲೆ ಒಂದೊಂದು ಕಾಲಿಟ್ಟವನು ಎರಡರ ಓಲಾಟವನ್ನೂ ತಿಳಿದಿರಬೇಕು. ಗ್ಯಾಲರಿಯವರ ಅಂಜಿಕೆಯೂ ತೀರ ಸುಳ್ಳಲ್ಲ. ಅವರು ಜಾಗದ ಬಾಡಿಗೆ ಕೊಟ್ಟು, ಹೊತ್ತಗೆ ಅಚ್ಚು ಹಾಕಿಸಿ, ಗಿರಾಕಿಗಳನ್ನು ಕರೆಯುವವರು. ಮಾರಿದ ಬೆಲೆಯಲ್ಲಿ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಹಿಡಿದುಕೊಳ್ಳುವುದು ಆ ವ್ಯಾಪಾರದ ವಾಡಿಕೆ. “ಮೀನು ಮಾರುಕಟ್ಟೆಯಲ್ಲಿ ಪುಕ್ಕಟೆ ಕಾಣುವ ಹೆಂಗಸನ್ನೇ ನನ್ನಲ್ಲಿ ಲಕ್ಷ ಕೊಟ್ಟು ಯಾರು ಕೊಳ್ಳುತ್ತಾರೆ?” ಎಂದು ಅವರು ಕೇಳಿದರೆ ತಪ್ಪೆನ್ನುವುದು ಹೇಗೆ?

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಳೆಗಾಲದಲ್ಲಿ ನಡೆದ ಒಂದು ಸಂಗತಿ ಹೇಳಿದ. ಯಾರೋ ಬಂದು ಆ ಮೀನುಗಾರ್ತಿಯ ಕಾಲಿನ ಮೇಲೆ ಟ್ಯೂಶನ್ ಕ್ಲಾಸಿನ ಜಾಹೀರಾತು ಅಂಟಿಸಿ ಹೋದರಂತೆ. ಇವನು ಮರುದಿನ ನೋಡಲು ಹೋದರೆ, ಅಜ್ಜಿ ತನ್ನ ಮೀನು ಕೊಯ್ಯುವ ಕತ್ತಿಯಿಂದ ಅದನ್ನು ಅಂಚಂಚಾಗಿ ಕೆರೆಯುತ್ತಿದ್ದಳು. ಬಣ್ಣ ಏಳದಂತೆ, ಪೊರೆ ತೆಗೆಯುವ ಹಾಗೆ. ನಡುವೆ ಎರಡು ಗಿರಾಕಿ ತಪ್ಪಿದರೂ ಎದ್ದಿರಲಿಲ್ಲ.

“ಗ್ಯಾಲರಿಯಲ್ಲಿ ನನ್ನ ಚಿತ್ರವನ್ನು ಕಾಯುವವನಿಗೆ ಸಂಬಳ ಉಂಟು ಮಾವ” ಎಂದ.

ನಾನು ಮರುಮಾತು ಆಡಲಿಲ್ಲ.

ಅಂದು ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕಾರಣ ಆ ಅಜ್ಜಿಯಲ್ಲ. ನನ್ನದೇ ಒಂದು ತಪ್ಪು ನೆನಪಾಯಿತು. ಹೋದ ವರ್ಷದ ಮತ್ತು ಅದರ ಹಿಂದಿನ ವರ್ಷದ ರಾಜ್ಯೋತ್ಸವಕ್ಕೆ ನಮ್ಮ ಸಂಘದ ರಂಗಮಂಟಪದ ಹಿಂಬದಿಯ ಪರದೆಯನ್ನು ಬರೆದವನು ಇದೇ ಹುಡುಗ. ಬರೆಸಿದವನು ನಾನು. “ನಮ್ಮ ಹುಡುಗನೇ ಅಲ್ಲವೇ, ದುಡ್ಡು ಕೇಳುತ್ತಾನೆಯೇ?” ಎಂದು ಸಮಿತಿಯಲ್ಲಿ ಎದೆ ತಟ್ಟಿ ಹೇಳಿದವನೂ ನಾನೇ. ಒಂದೊಂದು ಪರದೆಗೂ ಅವನು ಎಂಟೆಂಟು ರಾತ್ರಿ ನಿದ್ದೆಗೆಟ್ಟಿದ್ದ. ಕೊಟ್ಟದ್ದೇನು? ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ಚಪ್ಪಾಳೆ. ಅದೇ ಸಮಾರಂಭದಲ್ಲಿ ಧ್ವನಿವರ್ಧಕದವನಿಗೆ, ಊಟದವನಿಗೆ, ಕುರ್ಚಿ ಹಾಕಿದವನಿಗೆ ಲೆಕ್ಕವಿಟ್ಟು ಹಣ ಕೊಟ್ಟೆವು, ಕೊಡಲೇಬೇಕು. ಚಿತ್ರ ಬರೆದವನಿಗೆ ಮಾತ್ರ ಅಭಿಮಾನವನ್ನು ಕೊಟ್ಟೆವು.

ಹುಡುಗ ಸಂಪಾದಿಸುತ್ತಿಲ್ಲ ಎಂದು ಕೊರಗುವ ನಾವೇ ಅವನಿಂದ ಪುಕ್ಕಟೆ ದುಡಿಸಿಕೊಳ್ಳುವುದರಲ್ಲಿ ಮೊದಲಿಗರು. ಮೀನು ಮಾರುಕಟ್ಟೆಯ ಗೋಡೆಯನ್ನು ಅವನು ಪುಕ್ಕಟೆ ಬರೆದದ್ದು ದಾನ. ಅದನ್ನು ಅವನೇ ಮನಸ್ಸು ಮಾಡಿ ಕೊಟ್ಟ. ನಮ್ಮ ಪರದೆಯನ್ನು ಬರೆದದ್ದು ದಾಕ್ಷಿಣ್ಯ. ಅದನ್ನು ನಾವು ಕಿತ್ತುಕೊಂಡೆವು. ಇವೆರಡರ ಅಂತರ ನನಗೆ ಈ ಪ್ರಾಯದಲ್ಲಿ ತಿಳಿಯಿತಲ್ಲ ಎಂದು ನಾಚಿಕೆಯಾಯಿತು.

ಬೆಳಗ್ಗೆ ಹಾಲು ತರಲು ಹೊರಟವನು ಮೇಲಿನ ಮಾಳಿಗೆಗೆ ಹತ್ತಿದೆ. ತಂಗಿ ಬಾಗಿಲ ಮುಂದೆ ಬಗ್ಗಿ ರಂಗೋಲಿ ಇಡುತ್ತಿದ್ದಳು. ಹದಿನೈದು ಚುಕ್ಕೆಯ ದೊಡ್ಡ ರಂಗೋಲಿ. ಸೊಂಟನೋವಿನ ಹೆಂಗಸು, ಆದರೂ ಒಂದು ಗೆರೆ ಅಲುಗಿಲ್ಲ.

“ಒಂಬತ್ತು ಗಂಟೆಗೆ ಗುಡಿಸುವವಳು ಬಂದು ಒರೆಸಿ ಹೋಗುತ್ತಾಳಲ್ಲ ತಂಗೀ. ಅದಕ್ಕಾಗಿ ಇಷ್ಟು ಚುಕ್ಕೆ ಎಣಿಸಬೇಕಾ? ಇದಕ್ಕೆ ಯಾರಾದರೂ ಹಣ ಕೊಡುತ್ತಾರಾ?”

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಎಲ್ಲಿಗೆ ಬರುತ್ತಿದ್ದೇನೆಂದು ಅವಳಿಗೆ ತಿಳಿಯಿತು.

“ಅದು ಬೇರೆ ಅಣ್ಣಾ. ಇದು ಹೊಸ್ತಿಲಿನದ್ದು.”

“ಅವನ ಹೊಸ್ತಿಲು ಸ್ವಲ್ಪ ದೊಡ್ಡದು, ಅಷ್ಟೆ.”

ಅವಳು ಉತ್ತರ ಕೊಡದೆ ಮತ್ತೆ ಬಗ್ಗಿ ಎರಡು ಗೆರೆ ಎಳೆದಳು. ಆಮೇಲೆ, “ಸಣ್ಣವನಿರುವಾಗ ಇಲ್ಲಿಯೇ ಕುಳಿತು ನೋಡುತ್ತಿದ್ದ. ಚುಕ್ಕೆ ಇಡಲಿಕ್ಕೆ ಅವನಿಗೆ ಕಲಿಸಿದ್ದು ನಾನೇ” ಎಂದಳು.

ಗೋಡೆ, ನೆಲಗಳ ಚಿತ್ರ ನಮಗೇನು ಹೊಸತೇ? ಸಾಗರದ ಕಡೆಯ ದೀವರ ಹೆಂಗಸರು ಮದುವೆಯ ಮನೆಯಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನಿಂದ ಹಸೆಚಿತ್ತಾರ ಬರೆಯುತ್ತಾರೆ. ಈಗ ಅದು ಚೌಕಟ್ಟು ಹಾಕಿಸಿಕೊಂಡು ಪ್ರದರ್ಶನಗಳಿಗೂ ಬಂದಿದೆ. ನಮ್ಮ ಈ ಊರಿಗೆ ಹತ್ತಿರದ ಪಾಲಘರ್ ಕಡೆಯ ವಾರ್ಲಿಗಳದೂ ಅದೇ ದಾರಿ. ಮದುವೆಯ ಗೋಡೆಯ ಮೇಲೆ ಹೆಂಗಸರು ಬರೆಯುತ್ತಿದ್ದ ಚಿತ್ರವನ್ನು ಜೀವ್ಯಾ ಸೋಮಾ ಮ್ಹಶೆ ಎಂಬವರು ೧೯೭೦ರ ದಶಕದಿಂದ ಕಾಗದಕ್ಕೂ ಬಟ್ಟೆಗೂ ತಂದರು. ಅದು ಹೊರದೇಶಗಳಿಗೂ ಹೋಯಿತು. ೨೦೧೧ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ೨೦೧೮ರಲ್ಲಿ ತೀರಿಕೊಂಡರು. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ ೨೦೧೫ರಲ್ಲಿ ಬೆಂಗಳೂರಿನ ರಸ್ತೆಯ ನೀರು ತುಂಬಿದ ಹೊಂಡದಲ್ಲಿ ಮೊಸಳೆಯ ಪ್ರತಿಮೆಯನ್ನಿಟ್ಟದ್ದನ್ನೂ, ೨೦೧೯ರಲ್ಲಿ ಅಂಥದೇ ರಸ್ತೆಯ ಮೇಲೆ ಚಂದ್ರಲೋಕದ ಯಾತ್ರಿಕನಂತೆ ವೇಷ ಹಾಕಿದವರನ್ನು ನಡೆಸಿದ್ದನ್ನೂ ನೀವು ಕಂಡಿರಬಹುದು. ಎರಡು ಸಲವೂ ರಸ್ತೆ ದುರಸ್ತಿಯಾಯಿತು. ಅರ್ಜಿ ಮಾಡಲಾರದ ಕೆಲಸವನ್ನು ಕೆಲವೊಮ್ಮೆ ಚಿತ್ರ ಮಾಡುತ್ತದೆ.

ಅಷ್ಟಕ್ಕೂ ನಾವು ಹೊರನಾಡ ಕನ್ನಡಿಗರು ಎರಡು ಗೋಡೆಗಳ ಬಾಳನ್ನು ಅರಿಯದವರೇ? ಮನೆಯಲ್ಲಿ ತುಳುವೋ ಕೊಂಕಣಿಯೋ, ಸಂಘದಲ್ಲಿ ಕನ್ನಡ, ಗಾಡಿಯಲ್ಲಿ ಮರಾಠಿ, ಕಛೇರಿಯಲ್ಲಿ ಇಂಗ್ಲಿಷು. ಇದರಲ್ಲಿ ನಿನ್ನ ನಿಜವಾದ ಮಾತು ಯಾವುದು, ಉಳಿದದ್ದನ್ನು ಒಂದು ವರ್ಷ ಬಿಡು ಎಂದರೆ ನಾವು ಬಿಡುತ್ತೇವೆಯೇ?

ಆ ರವಿವಾರ ಭಾವ, ನಾನು, ಹುಡುಗ ಮೂವರೂ ಕುಳಿತು ಮಾತಾಡಿದೆವು. ಭಾವ ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದವರು. ಕಾಗದಪತ್ರ ಅವರ ಕೈಗೆ ಬಂದರೆ ಸಿಟ್ಟು ತಾನಾಗಿ ಇಳಿಯುತ್ತದೆ. ಗ್ಯಾಲರಿಯವರ ಒಪ್ಪಂದವನ್ನು ಎರಡು ಸಲ ಓದಿ, “ಇದರಲ್ಲಿ ಚಿತ್ರದ ಜೊತೆಗೆ ಅದರ ಹಕ್ಕನ್ನೂ ಅವರಿಗೇ ಬರೆದುಕೊಟ್ಟ ಹಾಗಿದೆಯಲ್ಲ!” ಎಂದರು. ಆಮೇಲೆ ಪರಿಚಯದ ವಕೀಲರನ್ನು ಕೇಳಿ ತಿಳಿದ ವಿಷಯಗಳನ್ನು, ಇಂಥ ಮಕ್ಕಳಿರುವ ಇತರ ಮನೆಗಳಿಗೂ ಬೇಕಾದೀತೆಂದು ಬರೆಯುತ್ತೇನೆ.

ನಮ್ಮಲ್ಲಿ ೧೯೫೭ರ ಕೃತಿಸ್ವಾಮ್ಯ ಕಾಯಿದೆ ಇದೆ. ಬರೆದ ಚಿತ್ರವನ್ನು ಮಾರಿದ ಮಾತ್ರಕ್ಕೆ ಅದನ್ನು ಅಚ್ಚು ಹಾಕುವ, ನಕಲು ಮಾಡುವ ಹಕ್ಕು ಕೊಂಡವರಿಗೆ ಹೋಗುವುದಿಲ್ಲ. ಅದನ್ನು ಬೇರೆಯಾಗಿ ಬರೆದು ಸಹಿ ಹಾಕಿ ಕೊಡಬೇಕು. ಆದರೆ ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದ ಮಾತು ಬೇರೆ. ಅಲ್ಲಿ ಎದುರು ಒಪ್ಪಂದವಿಲ್ಲದಿದ್ದರೆ ಹಕ್ಕು ಬರೆಸಿದವರದೇ. ಆದ್ದರಿಂದ ಎಲ್ಲವನ್ನೂ ಮೊದಲೇ ಕಾಗದದಲ್ಲಿ ಕಾಣಿಸಬೇಕು. ಇನ್ನೊಂದು ಹಕ್ಕು ಮಾರಿದರೂ ಕಲಾವಿದನಲ್ಲೇ ಉಳಿಯುತ್ತದೆ. ಅದು ಕಾಯಿದೆಯ ೫೭ನೆಯ ವಿಧಿಯದು: ಚಿತ್ರ ತನ್ನದೆಂದು ಹೇಳುವ ಹಕ್ಕು, ಮಾನಕ್ಕೆ ಕುಂದು ಬರುವಂತೆ ಅದನ್ನು ಕೆಡಿಸಿದರೆ ಕೇಳುವ ಹಕ್ಕು. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಶಿಲ್ಪಿ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ೧೯೭೯ರಲ್ಲಿ ಕಳಚಿ ಉಗ್ರಾಣಕ್ಕೆ ಹಾಕಿದ್ದರು. ಅವರು ನ್ಯಾಯಾಲಯಕ್ಕೆ ಹೋದರು. ೨೦೦೫ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಉಳಿದ ಭಾಗಗಳನ್ನು ಅವರಿಗೆ ಮರಳಿಸಿ, ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ಕಾರಕ್ಕೆ ಆಜ್ಞೆ ಮಾಡಿತು. ಗೋಡೆಯ ಮೇಲಿನ ಕೃತಿ ಎಂದರೆ ಅನಾಥವಲ್ಲ.

ಹುಡುಗ ಗ್ಯಾಲರಿಯವರಿಗೆ ಉತ್ತರ ಬರೆದ. ಗೋಡೆಗೆ ಬರೆದ ರೂಪವನ್ನು ಕ್ಯಾನ್ವಾಸಿಗೆ ತರುವುದಿಲ್ಲ, ಕ್ಯಾನ್ವಾಸಿನದನ್ನು ಗೋಡೆಗೆ ಒಯ್ಯುವುದಿಲ್ಲ. ಅಷ್ಟು ಮಾತು ಕೊಡುತ್ತೇನೆ. ಗೋಡೆಯನ್ನೇ ಬಿಡು ಎಂದರೆ ಆಗದು ಎಂದು. ಅವರು ಕೋಪಿಸಲಿಲ್ಲ, ಪೂರ್ತಿ ಒಪ್ಪಲೂ ಇಲ್ಲ. ತಿಂಗಳ ಮುಂಗಡ ಹೋಯಿತು. ಬರುವ ಚಳಿಗಾಲದಲ್ಲಿ ಇತರರ ಜೊತೆಗೆ ಇವನವು ಮೂರು ಚಿತ್ರಗಳನ್ನು ಇಡಲು ಒಪ್ಪಿದ್ದಾರೆ. ಮಾರಾಟವಾದರೆ ಆಯಿತು, ಇಲ್ಲದಿದ್ದರೆ ಇಲ್ಲ. ಹೊಟ್ಟೆಪಾಡಿಗೆ ಒಂದು ಶಾಲೆಯಲ್ಲಿ ವಾರಕ್ಕೆ ಮೂರು ದಿನ ಮಕ್ಕಳಿಗೆ ಚಿತ್ರ ಕಲಿಸುವ ಕೆಲಸ ಹಿಡಿದಿದ್ದಾನೆ. ಅವನು ಮಾಡಿದ್ದು ಸರಿಯೇ ಎಂದು ನೀವು ಕೇಳಿದರೆ, ಹತ್ತು ವರ್ಷ ಕಳೆದ ಮೇಲೆ ಕೇಳಿ ಎನ್ನಬೇಕಾದೀತು. ಬಿಟ್ಟದ್ದು 적ಸಣ್ಣ ಹಣವಲ್ಲ. ಅದು ಅವನಿಗೂ ಗೊತ್ತು, ಅವನ ಅಪ್ಪನಿಗೂ ಗೊತ್ತು.

ಭಾವ ಈಗ ಮಾತಾಡುತ್ತಾರೆ. ಜಹಾಂಗೀರ್ ಗ್ಯಾಲರಿಗೆ ಮಗನೊಡನೆ ಹೋಗಿ ಬಂದರು. ೧೯೫೨ರಲ್ಲಿ ತೆರೆದ ಆ ದೊಡ್ಡ ಮನೆಯೊಳಗೆ ಜಾಗ ಸಿಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಅದರ ಹೊರಗಿನ ಕಾಲುದಾರಿಯಲ್ಲೇ ಎಳೆಯ ಚಿತ್ರಕಾರರು ತಮ್ಮ ಚಿತ್ರಗಳನ್ನು ತೂಗುಹಾಕಿ ಕುಳಿತಿರುತ್ತಾರೆ. “ಒಳಗೂ ನೋಡಿದೆ, ಹೊರಗೂ ನೋಡಿದೆ. ನಡುವೆ ಇರುವುದು ನಾಲ್ಕು ಮೆಟ್ಟಿಲು” ಎಂದರು ನನ್ನೊಡನೆ. ಹೆಬ್ಬಾರರ ಹೆಸರನ್ನು ಮಾತ್ರ ಇನ್ನೂ ಬಿಟ್ಟಿಲ್ಲ, ಬಿಡಬೇಕಾದ್ದೂ ಇಲ್ಲ.

ನಮ್ಮ ಸಮಿತಿಯ ಸಭೆಯಲ್ಲಿ ನಾನು ತಪ್ಪೊಪ್ಪಿಕೊಂಡು, ಈ ರಾಜ್ಯೋತ್ಸವದ ಪರದೆಗೆ ಸಂಭಾವನೆಯನ್ನು ಲೆಕ್ಕದಲ್ಲಿ ಕಾಣಿಸಬೇಕೆಂದು ಸೂಚಿಸಿದೆ. ಸ್ವಲ್ಪ ಗೊಣಗಾಟವಾಯಿತು, ಕೊನೆಗೆ ಒಪ್ಪಿಗೆಯಾಯಿತು. ಶಾಲು ಬೇಡವೆಂದು ಹುಡುಗನೇ ಹೇಳಿ ಕಳುಹಿಸಿದ್ದಾನೆ. ಮನೆಯಲ್ಲಿ ಎರಡು ಇವೆಯಂತೆ.

ಮೊನ್ನೆ ಶುಕ್ರವಾರ ತಂಗಿ ತಾನಾಗಿ, “ಆ ಗೋಡೆ ಎಲ್ಲುಂಟು, ತೋರಿಸಿ ಅಣ್ಣಾ” ಎಂದಳು. ಕರೆದುಕೊಂಡು ಹೋದೆ. ಮಳೆಗೆ ಸಮುದ್ರದ ನೀಲಿ ಅಲ್ಲಲ್ಲಿ ಹಾರಿಹೋಗಿತ್ತು. ಅವಳು ರಸ್ತೆಯ ಈಚೆ ನಿಂತು ಬಹಳ ಹೊತ್ತು ನೋಡಿ, “ಬಳೆಯ ಹಸಿರು ಸರಿ ಬಂದಿದೆ. ಸೀರೆಯ ಅಂಚು ಇನ್ನೂ ಸ್ವಲ್ಪ ಅಗಲ ಬೇಕಿತ್ತು” ಎಂದಳು. ಅಜ್ಜಿ ನಮ್ಮನ್ನು ಕಂಡು ಯಾರೆಂದು ಕೇಳಿದಳು. ನಾನು ಹೇಳಿದೆ. ಅಜ್ಜಿ ಎದ್ದು, ಕೈಯನ್ನು ಸೆರಗಿಗೆ ಒರೆಸಿಕೊಂಡು, ತಾನು ಕುಳಿತಿದ್ದ ಮಣೆಯನ್ನು ತಂಗಿಯ ಮುಂದೆ ಸರಿಸಿದಳು.

ದೀಪಾವಳಿಯ ತಿಂಡಿತಿನಿಸುಗಳ ವಿಷಯವನ್ನು ಮುಂದಿನ ವರ್ಷ ಬರೆಯುತ್ತೇನೆ. ಎಲ್ಲರಿಗೂ ಹಬ್ಬದ ಶುಭಾಶಯಗಳು.